ಲಾಲ್‌ಬಾಗಿನಲ್ಲಿ ಎರಡು ಛತ್ರಿ

"ಗೈಡ್ ಎದಕ್ಕ? ನಾನೇನು ಸತ್ತೀನೇನು?"

ಬೆಂಗಳೂರಿನಲ್ಲಿ ನನ್ನ ಷಡ್ಡಕ ಶಿವಯೋಗಿಯ ಹೊಸ ಮನೆಯಲ್ಲಿ ನಿಂತು, ಗೃಹಪ್ರವೇಶದ ಹೋಳಿಗೆ ಇನ್ನೂ ಗಂಟಲಿನಲ್ಲಿರುವಾಗಲೇ ನಾನು ಹೀಗೆ ಗರ್ಜಿಸಿದೆ. ಪಾಪ, ಅವನು ಒಳ್ಳೆಯದಕ್ಕೇ ಹೇಳಿದ್ದ.

"ಅಣ್ಣಾರ, ಲಾಲ್‌ಬಾಗಿನಾಗ ಈಗ ಫ್ಲವರ್ ಶೋ ನಡದೈತಿ. ಕಾಲಿಡಾಕ ಜಾಗ ಇರಂಗಿಲ್ಲ. ನಾನು ಅರ್ಧ ದಿನ ರಜಾ ಹಾಕಿ ಬರ್ತೀನಿ. ಇಲ್ಲಾಂದ್ರ ಅಲ್ಲೇ ಯಾರರ ಗೈಡ್ ಸಿಗ್ತಾರ, ಹಿಡಕೊಳ್ರಿ."

"ಲೇ ಶಿವಯೋಗಿ, ಲಾಲ್‌ಬಾಗ್ ಅಂದ್ರ ನನಗ ನಮ್ಮ ಮನಿ ಹಿತ್ತಲ ಇದ್ದಂಗ! ಕಣ್ಣು ಕಟ್ಟಿ ಬಿಡು, ಯಾವ ಗಿಡ ಎಲ್ಲೈತಿ ಅಂತ ಮೂಗಿಲೇ ಹೇಳ್ತೀನಿ!"

ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತೆಂದು ನೀವು ಕೇಳಬಹುದು. ನಾನು ಗುರುಬಸವರಾಜ, ಕೊಟ್ಟೂರಿನಲ್ಲಿ ಪಾತ್ರೆ ಅಂಗಡಿ ಇಟ್ಟವನು. ಬಿ.ಕಾಂ. ಮುಗಿಸಿದ ಹೊಸತರಲ್ಲಿ ಯಾವುದೋ ಬ್ಯಾಂಕಿನ ಪರೀಕ್ಷೆ ಬರೆಯಲು ಬೆಂಗಳೂರಿಗೆ ಬಂದಿದ್ದೆ. ಪರೀಕ್ಷೆ ಏನಾಯಿತೆಂದು ಕೇಳಬೇಡಿ. ಪಾತ್ರೆ ಮಾರುತ್ತಿದ್ದೇನೆ ಎಂದೆನಲ್ಲ, ಉತ್ತರ ಅಲ್ಲೇ ಇದೆ! ಅಂದು ಸಂಜೆ ಲಾಲ್‌ಬಾಗಿಗೆ ಹೋಗಿ, ಒಂದು ಮರದ ಕೆಳಗೆ ಮಲಗಿ, ಎದ್ದು ಬಸ್ಸು ಹಿಡಿದಿದ್ದೆ. ಊರಿಗೆ ಬಂದು ಆ ಒಂದು ನಿದ್ದೆಯ ಕಥೆಯನ್ನು ಹೇಳುತ್ತ ಹೇಳುತ್ತ ಅದು ಹೇಗೆ ಬೆಳೆಯಿತೆಂದರೆ, ಸುಮಲತಾಳ ಕೊರಳಿಗೆ ತಾಳಿ ಕಟ್ಟುವ ಹೊತ್ತಿಗೆ ನಾನು ಲಾಲ್‌ಬಾಗಿನಲ್ಲೇ ಹುಟ್ಟಿ ಬೆಳೆದವನಾಗಿದ್ದೆ!

ಹರಪನಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ ಕೊಟ್ರಮ್ಮನವರಿಗೆ ಒಂದೇ ಆಸೆ. "ಆ ಗಾಜಿನ ಮನಿ ಒಂದು ಕಣ್ಣಿಲೇ ನೋಡಿಬಿಟ್ರ ಸಾಕು. ಮೊಣಕಾಲು ಎಷ್ಟು ದಿನ ನಡಸ್ತಾವೋ ಯಾರಿಗೆ ಗೊತ್ತು."

"ಅತ್ತಿಯಾರ, ಬರೇ ಗಾಜಿನ ಮನಿ ಅಲ್ಲ. ಬೇರಿನಿಂದ ಹಿಡದು ತುದಿಗಂಟ ಪೂರ್ತಿ ತೋರಸ್ತೀನಿ!"

ಹೊರಡುವ ಮುನ್ನ ಭದ್ರತೆಯ ಏರ್ಪಾಡುಗಳನ್ನು ಸ್ವತಃ ಕೈಗೊಂಡೆ. ಬೆಂಗಳೂರಿನ ಜೇಬುಗಳ್ಳರ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟು, ಸುಮಲತಾಳ ಮೊಬೈಲನ್ನೂ ಇಸಿದುಕೊಂಡು ನನ್ನದರ ಜೊತೆಗೆ ಒಳಜೇಬಿಗೆ ಇಳಿಸಿದೆ.

"ರೀ, ಗದ್ದಲದಾಗ ನಾವು ತಪ್ಪಿಸಿಕೊಂಡ್ರ ಏನ್ ಮಾಡೋದು?" ಎಂದಳು ಅವಳು.

ಅದಕ್ಕೂ ನನ್ನಲ್ಲಿ ಉಪಾಯವಿತ್ತು. ಕಪ್ಪು ಛತ್ರಿಯ ತುದಿಗೆ ಕೆಂಪು ಟವಲು ಕಟ್ಟಿ ಮೇಲಕ್ಕೆತ್ತಿ ಹಿಡಿದೆ. "ನೋಡು, ಇದನ್ನ ನೋಡಿಕೋತ ನನ್ನ ಹಿಂದ ಬರ್ರಿ. ಎಲ್ಲಿ ಛತ್ರಿ, ಅಲ್ಲಿ ನಾನು!"

"ಅದೇನೋ ಖರೇ," ಎಂದಳು ಸುಮಲತಾ. ಅವಳ ತಂಗಿ ಗೀತಾಂಜಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಮ್ಮ ಕನ್ನಡದಲ್ಲಿ ಛತ್ರಿ ಎಂದರೆ ಬರೀ ಕೊಡೆಯಲ್ಲ ಎಂಬುದು ನನಗೆ ಹೊಳೆದದ್ದು ಮೆಟ್ರೋ ಹತ್ತಿದ ಮೇಲೆ.

ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿದು ಗೇಟು ದಾಟಿದರೆ, ಅಬ್ಬಬ್ಬಾ! ಹೂವಿಗಿಂತ ತಲೆಗಳೇ ಹೆಚ್ಚು. ನಾನು ಛತ್ರಿ ಎತ್ತಿದೆ. ದಂಡನಾಯಕನ ಹಾಗೆ ಮುನ್ನಡೆದೆ. ಹಗಲೆಲ್ಲ ಸ್ಟೀಲು ಹಿತ್ತಾಳೆಗಳ ಸದ್ದಿನ ನಡುವೆ ಗಿರಾಕಿಗಳನ್ನು ಒಲಿಸಿ ಬಲಿತ ಕಂಠ ನನ್ನದು, ನಾನು ಪಿಸುಗುಟ್ಟಿದರೂ ಎದುರಿನ ಬಟ್ಟೆ ಅಂಗಡಿಯವನು "ಕರದ್ರೇನ್ರಿ?" ಎಂದು ಬರುತ್ತಾನೆ. ಆ ಕಂಠವನ್ನು ಈಗ ಪೂರ್ತಿ ತೆರೆದೆ.

"ಬರ್ರಿ, ಬರ್ರಿ, ಹಿಂದ ಉಳೀಬ್ಯಾಡ್ರಿ! ಅಗೋ ನೋಡ್ರಿ ಗಾಜಿನ ಮನಿ! ಚಳಿಗಾಲದಾಗ ಹೈದರಾಲಿ ಬಿಸಿಲು ಕಾಸಿಕೊಳ್ಳಾಕ ಕಟ್ಟಿಸಿದ್ದು!"

ಹೈದರಾಲಿ ತೀರಿಕೊಂಡು ನೂರು ವರ್ಷ ದಾಟಿದ ಮೇಲೆ ಅದನ್ನು ಕಟ್ಟಿದ್ದೆಂದು ಶಿವಯೋಗಿ ಆಮೇಲೆ ಹೇಳಿದ. ಆಗ ಅವನು ಅಲ್ಲಿರಲಿಲ್ಲ, ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

ಗಾಜಿನ ಮನೆಯೊಳಗೆ ಜನ ನಮ್ಮನ್ನು ನಡೆಸಲಿಲ್ಲ, ಹೊತ್ತುಕೊಂಡೇ ಹೋದರು. ಒಂದು ಬಾಗಿಲಲ್ಲಿ ಒಳಗೆ ಹೋದವನು ಇನ್ನೊಂದು ಬಾಗಿಲಲ್ಲಿ ಹೊರಗೆ ಬಿದ್ದೆ. ನಡುವೆ ಒಂದಿಷ್ಟು ಗುಲಾಬಿ, ಒಬ್ಬರ ಮೊಣಕೈ, ಮತ್ತು ದೂರದಲ್ಲಿ ಕೆಂಪು ಪಟ್ಟಿ ಕಟ್ಟಿದ ಇನ್ನೊಂದು ಛತ್ರಿ ಕಂಡ ನೆನಪು. 'ನೋಡು, ನನ್ನ ಬುದ್ಧಿ ಬೆಂಗಳೂರಿನವರಿಗೂ ಹತ್ತಿತು!' ಎಂದು ಹಿಗ್ಗಿದೆ. ಹೊರಬಂದ ಮೇಲೆ ಒಮ್ಮೆ ಹಿಂದೆ ನೋಡಿದೆ. ತಲೆಯ ಮೇಲೆ ಸೆರಗು ಹೊದ್ದ ಹೆಂಗಸರ ಸಾಲು. ನಮ್ಮ ಅತ್ತೆಯೂ ಸೆರಗು ಹೊದೆಯುತ್ತಾರೆ. ಸರಿ ಇದೆ ಎಂದುಕೊಂಡು ಮತ್ತೆ ಮುಂದೆ ತಿರುಗಿದೆ. ನಾಯಕನಾದವನು ಪದೇ ಪದೇ ಹಿಂದೆ ನೋಡಬಾರದು!

ಕಲ್ಲಾಗಿ ಹೋದ ಹಳೆಯ ಮರದ ಕೊರಡಿನ ಮುಂದೆ ನಿಂತೆ. "ಇದಕ್ಕ ಒಬ್ಬ ಋಷಿ ಶಾಪ ಕೊಟ್ಟಿದ್ದು! ತಪಸ್ಸಿಗೆ ಕುಂತಾಗ ತಲಿ ಮ್ಯಾಲೆ ಕಾಯಿ ಬೀಳಿಸ್ತು ಅಂತ!"

ಹಿಂದಿನಿಂದ ಕಿಲಕಿಲ ನಗು ಕೇಳಿಸಿತು. ಎದೆ ಉಬ್ಬಿತು. ನನ್ನ ಮಾತಿಗೆ ಸುಮಲತಾ ನಕ್ಕು ಎಷ್ಟೋ ವರ್ಷಗಳಾಗಿದ್ದವು. ಬೆಂಗಳೂರಿನ ಹವೆಯೇ ಬೇರೆ ಎಂದುಕೊಂಡೆ.

ಆ ನಗುವಿನ ಅಮಲಿನಲ್ಲಿ ಬಂಡೆಯನ್ನೂ ಹತ್ತಿದೆ. ಬಂಡೆಯ ಮೇಲೆ ಗೋಪುರ, ಗೋಪುರದ ಪಕ್ಕದಲ್ಲಿ ಛತ್ರಿ ಹಿಡಿದ ನಾನು. ಬಂಡೆಯ ಮೇಲೆ ನಿಂತವನು ಬಂಡಲ್ ಬಿಡದೆ ಇರುವುದು ಹೇಗೆ?

"ಈ ಬಂಡಿ ಸಣ್ಣದು ಅಂತ ತಿಳೀಬ್ಯಾಡ್ರಿ! ಇದು ನೆಲದ ಒಳಗ ನಮ್ಮ ಊರಿನ ಮಟ ಐತಿ! ಕೂಡ್ಲಿಗಿ ಕಡೆ ಗುಡ್ಡ ಅದಾವಲ್ಲ, ಅವು ಇದರ ಬಾಲ!"

ಈ ಸಲ ನಗು ಕಿಲಕಿಲ ಎನ್ನಲಿಲ್ಲ, ಘೊಳ್ಳೆಂದಿತು. ಅದೇ ಹೊತ್ತಿಗೆ ಒಳಜೇಬಿನಲ್ಲಿ ಸುಮಲತಾಳ ಮೊಬೈಲು ಹೊಡೆದುಕೊಂಡಿತು. ಗುರುತಿಲ್ಲದ ನಂಬರು.

"ಹಲೋ ಸಾರ್, ನನ್ನ ಹೆಸರು ಅಮರೇಶ್. ಗಾಬರಿ ಆಗ್ಬೇಡಿ. ನಿಮ್ಮ ಮಿಸೆಸ್ಸು, ಅವರ ತಾಯಿ, ಇಬ್ರೂ ನಮ್ಮ ಹತ್ರ ಇದ್ದಾರೆ."

ನಾನು ದಿನಾ ರಾತ್ರಿ ಟಿ.ವಿ.ಯಲ್ಲಿ ಸುದ್ದಿ ನೋಡುವವನು. ಇಂಥ ಮೋಸದ ಕರೆಗಳ ಒಳಹೊರಗನ್ನೆಲ್ಲ ಬಲ್ಲವನು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮೊಬೈಲು ಹಿಡಿದು, ಬಂಡೆಯ ಮೇಲಿದ್ದ ಅಷ್ಟೂ ಜನಕ್ಕೆ ಪಾಠವಾಗಲೆಂದು ಗಟ್ಟಿಯಾಗಿ ಕೇಳಿದೆ:

"ಏನ್ ಬೇಕಲೇ ನಿನಗ?"

"ಏನೂ ಬೇಡ ಸಾರ್. ನೀವು ಬಂದು ಕರ್ಕೊಂಡು ಹೋದ್ರೆ ಸಾಕು."

"ನಾನು ಬರಂಗಿಲ್ಲ!"

"ಅಯ್ಯೋ, ಹಾಗಂದ್ರೆ ಹೇಗೆ ಸಾರ್?"

"ಬರಂಗಿಲ್ಲ ಅಂದ್ರ ಬರಂಗಿಲ್ಲ! ನೀನೇ ಇಟ್ಕೋ! ಇಬ್ಬರನ್ನೂ ಇಟ್ಕೋ! ನನಗ ಟೊಪ್ಪಿಗಿ ಹಾಕ್ತಿಯೇನಲೇ? ನನ್ನ ಹೆಂಡ್ತಿ ಇಲ್ಲೇ ನನ್ನ ಬೆನ್ನ ಹಿಂದ ನಿಂತಾಳ! ತಡಿ, ಅಕಿ ಕೈಯಾಗೇ ಫೋನ್ ಕೊಡ್ತೀನಿ, ನಿನ್ನ ಜನ್ಮ ಜಾಲಾಡ್ತಾಳ! ಲೇ ಸುಮಾ, ಬಾ ಇಲ್ಲಿ!"

ಎಂದು ವೀರಾವೇಶದಿಂದ ತಿರುಗಿದೆ.

ಇಪ್ಪತ್ತು ಇಪ್ಪತ್ತೈದು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಎಲ್ಲರ ತಲೆಯ ಮೇಲೂ ಸೆರಗು. ಎಲ್ಲರ ಮುಖದಲ್ಲೂ ನಗು. ಅವರಲ್ಲಿ ಒಬ್ಬಳೂ ಸುಮಾ ಅಲ್ಲ!

ಕೈಯಿಂದ ಮೊಬೈಲು ಜಾರಿತು. ಮುಂದೆ ನಿಂತಿದ್ದ ಗಟ್ಟಿಮುಟ್ಟಾದ ಹೆಂಗಸು ಅದನ್ನು ಚೆಂಡಿನ ಹಾಗೆ ಹಿಡಿದು ನನ್ನ ಕೈಗಿಟ್ಟಳು.

"ನೀವು... ನೀವೆಲ್ಲ ಯಾರ್ರಿ?" ನನ್ನ ಆ ಕಂಠ ಎಲ್ಲಿ ಹೋಯಿತೋ!

"ನಾವು ಹಿರೇಹಡಗಲಿಯವರ್ರಿ, ಸಂಘದವರು. ನಾನು ಜಂಬಕ್ಕ. ಬಸ್ಸು ಮಾಡಿಕೊಂಡು ಬೆಂಗಳೂರು ನೋಡಾಕ ಬಂದೀವಿ."

"ಮತ್ತ ನನ್ನ ಹಿಂದ ಯಾಕ ಬಂದ್ರಿ? ಛತ್ರಿ ನೋಡಿ ನಿಮ್ಮ ಗೈಡ್ ಅಂತ ತಿಳಕೊಂಡ್ರೇನು?"

"ಅಯ್ಯ, ಇಲ್ಲಳ್ರಿ! ನಮ್ಮ ಗೈಡ್ ಆ ಅಮರೇಶ ಸಣ್ಣ ಹುಡುಗ. ನೀವು ಕೊಟ್ಟೂರಿನ ಪಾತ್ರಿ ಅಂಗಡಿ ಸಾವ್ಕಾರ್ರು ಅಂತ ಗಾಜಿನ ಮನ್ಯಾಗ ದನಿ ಕೇಳಿದ ಕೂಡ್ಲೇ ಗುರುತು ಹಿಡದೆ. ನನ್ನ ಮಗಳ ಮದುವಿಗೆ ನಿಮ್ಮ ಹತ್ರ ಕುಕ್ಕರ್ ತಗೊಂಡಿದ್ದೆ. ಅನ್ನ ಬೇಯೋಕಿಂತ ಮೊದ್ಲ ಹಿಡಿಕಿ ಕಿತ್ತು ಬಂತು! ಅದನ್ನ ಕೇಳಾಕ ಬೆನ್ನು ಹತ್ತಿದೆ. ನೀವು ಮಾತು ನಿಲ್ಲಿಸಿದ್ರ ತಾನ ನಾನು ಕೇಳಾಕ!"

"ಇವರೆಲ್ಲಾರೂ?"

"ನಾನು ಬಂದೆ ಅಂತ ಇವರೂ ಬಂದ್ರು. ಆಮ್ಯಾಲೆ ನಿಮ್ಮ ಸುಳ್ಳು ಬಾಳ ಚಲೋ ಅದಾವ ಅಂತ ಯಾರೂ ವಾಪಸ್ ಹೋಗಲಿಲ್ಲ. ಆ ಹುಡುಗ ಎಲ್ಲಾ ಖರೇ ಹೇಳ್ತಾನ್ರಿ, ನಿದ್ದಿ ಬರ್ತೈತಿ."

ಕುಕ್ಕರಿನ ಹಿಡಿಕೆಗೆ ಆಗ ಏನು ಉತ್ತರ ಕೊಟ್ಟೆನೋ ನನಗೇ ಗೊತ್ತಿಲ್ಲ. ಕೂಡಲೇ ಅಮರೇಶನ ನಂಬರು ಒತ್ತಿದೆ. ಎತ್ತಿದ್ದು ಸುಮಲತಾ.

"ಬೈದು ಮುಗೀತೇನ್ರಿ?"

"ಲೇ ಸುಮಾ! ಆರಾಮ ಅದೀಯಿಲ್ಲೋ? ಅತ್ತಿಯಾರು?"

"ನಾವು ಆರಾಮ ಅದೀವಿ. ಇಲ್ಲೇ ಗೇಟಿನ ಹತ್ರ ನೆರಳಿನಾಗ ಕುಂತೀವಿ. ಅಮರೇಶ ಸ್ಪೀಕರ್ ಹಾಕಿದ್ದ. ಇಲ್ಲಿದ್ದವರೆಲ್ಲಾ ಕೇಳಿದ್ವಿ. 'ಇಬ್ಬರನ್ನೂ ಇಟ್ಕೋ' ಅಂದ್ರಿ."

"ಅದು... ಅದು ಕಳ್ಳರು ಅಂತ ತಿಳಕೊಂಡು..."

"ಇರಲಿ ಬಿಡ್ರಿ, ಮನ್ಯಾಗ ಮಾತಾಡೋಣ." ಆ ದನಿಯ ತಂಪಿಗೆ ಬಂಡೆಯೇ ನಡುಗಬೇಕು. "ಡಬಲ್ ರೋಡ್ ಕಡಿ ದೊಡ್ಡ ಗೇಟಿಗೆ ಬರ್ರಿ. ದಾರಿ ಗೊತ್ತಾಗ್ತೈತೋ, ಅಮರೇಶನ್ನ ಕಳಸಲೋ?"

ಇಲ್ಲಿಗೆ ನಾನು ಬುದ್ಧಿ ಕಲಿಯಬೇಕಿತ್ತು. ಕಲಿತೆನೆ? "ಏ, ನನಗ ಲಾಲ್‌ಬಾಗಿನಾಗ ದಾರಿ ತೋರಸ್ತಿಯೇನು? ಈಗ ಬಂದೆ ನೋಡು!" ಎಂದು ಫೋನಿಟ್ಟು, ಛತ್ರಿ ಎತ್ತಿ, ಹಿರೇಹಡಗಲಿಯ ದಂಡನ್ನು ಕಟ್ಟಿಕೊಂಡು ಇಳಿದೆ. ಇಳಿದದ್ದು ಎಡಕ್ಕೋ ಬಲಕ್ಕೋ ಎಂಬುದಷ್ಟೇ ಖಚಿತವಿರಲಿಲ್ಲ.

ನಡೆದೆವು. ದೊಡ್ಡ ದೊಡ್ಡ ಮರಗಳು ಬಂದವು, ಹೋದವು. ಕೆರೆ ಬಂತು. ಕೆರೆ ಬಂದ ಮೇಲೆ ಗೇಟು ಬರಬೇಕೆಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಅದು ಲಾಲ್‌ಬಾಗಿಗೆ ಗೊತ್ತಿರಲಿಲ್ಲ. ಮತ್ತೆ ಮರಗಳು, ಮತ್ತೆ ತಿರುವು. ಕಡೆಗೆ ಎದುರಿಗೆ ಒಂದು ಬಂಡೆ ಎದ್ದು ನಿಂತಿತು.

"ಸಾವ್ಕಾರ್ರ, ಈ ಬಂಡಿ ಆಗಲೇ ನೋಡಿದ್ವಲ್ರಿ?" ಎಂದಳು ಜಂಬಕ್ಕ.

"ಇದು ಬ್ಯಾರೆ ಬಂಡಿ."

"ಮ್ಯಾಲಿನ ಗೋಪುರಾನೂ ಬ್ಯಾರೇನ್ರಿ?"

"...ಜೋಡಿ ಕಟ್ಟಿಸ್ಯಾರ."

ಆ ಹೆಂಗಸರು ನಕ್ಕ ನಗುವಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಹಾರಿದವು. ಒಬ್ಬಳಂತೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕುಳಿತಳು. ಅವಳು ಕುಳಿತದ್ದೇ ನೆಪವಾಗಿ ಎಲ್ಲರೂ ನೆರಳಿಗೆ ಕುಳಿತರು. ಸಾಕಾಗಿ ನಾನೂ ಕುಸಿದೆ. ಬೆಳಿಗ್ಗೆಯಿಂದ ಕೂಗಿ ಕೂಗಿ ಗಂಟಲು ಒಣಗಿ ಕೊಬ್ಬರಿಯಾಗಿತ್ತು.

"ನಿಮ್ಮ ಅಮರೇಶ ಕಾಯ್ತಿರಬೇಕಲ್ಲ, ಗಾಬರಿ ಆಗಂಗಿಲ್ಲೇನು?" ಎಂದೆ.

"ಎದಕ್ಕ ಗಾಬರಿ? ಆಗಲೇ ಫೋನ್ ಮಾಡಿ ಹೇಳೀನಿ, ನಾವು ನಮ್ಮ ಕಡಿಯವರೊಬ್ಬರ ಜೊತಿ ಅದೀವಿ ಅಂತ. ಊಟ ಮಾಡಿ ಬಸ್ಸಿನ ಹತ್ರ ಬರ್ರಿ ಅಂದ."

ಅಂದರೆ ಕಳೆದುಹೋದವರು ಯಾರೂ ಕಂಗಾಲಾಗಿರಲಿಲ್ಲ. ಕಂಗಾಲಾದವನು ದಾರಿ ತೋರಿಸುತ್ತಿದ್ದವನು ಮಾತ್ರ!

ಜಂಬಕ್ಕ ಚೀಲ ಬಿಚ್ಚಿ ಮೊದಲು ನೀರಿನ ಬಾಟಲಿ ಕೊಟ್ಟಳು. ಆಮೇಲೆ ಒಂದು ಖಡಕ್ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಮುಂದೆ ಹಿಡಿದಳು.

"ಬ್ಯಾಡ್ರಿ ಜಂಬಕ್ಕ, ನಿಮ್ಮ ಕುಕ್ಕರಿನ ಹಿಡಿಕಿ ಮುರದವ ನಾನು..."

"ಅದು ಬ್ಯಾರೆ, ಇದು ಬ್ಯಾರೆ. ಹಸದವನ ಹತ್ರ ಯಾರರ ಜಗಳ ಆಡ್ತಾರೇನು? ತಿನ್ರಿ. ತಿಂದ ಮ್ಯಾಲೆ ಆಡ್ತೀನಿ."

ತಿಂದೆ. ಆ ರೊಟ್ಟಿಯ ರುಚಿಯನ್ನು ಇವತ್ತಿಗೂ ಮರೆತಿಲ್ಲ. ತಿಂದ ಮೇಲೆ ಮಾತಿನಂತೆ ಜಗಳವನ್ನೂ ಆಡಿದಳು. ಹೊಸ ಕುಕ್ಕರನ್ನೇ ಕೊಡುತ್ತೇನೆಂದು ಒಪ್ಪಿಕೊಂಡೆ. ಉಳಿದವರೂ ತಂತಮ್ಮ ಮನೆಯ ತಳ ಸೋರುವ ಕೊಡ, ಕಿವಿ ಕಿತ್ತ ಬೋಗುಣಿಗಳ ಸುದ್ದಿ ತೆಗೆಯುವ ಮುನ್ನ ಎದ್ದು ನಿಂತೆ.

ಜಂಬಕ್ಕ ಈ ಸಲ ನನ್ನನ್ನು ಕೇಳಲಿಲ್ಲ. ಎದುರಿಗೆ ಬಂದ ಒಬ್ಬ ಹುಡುಗಿಯನ್ನು ಕೇಳಿದಳು. ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು, ಬಂಡೆಯ ಆ ಮಗ್ಗುಲಿಗೆ ಕೈ ತೋರಿಸಿದಳು. ತಿರುಗಿದರೆ, ಗೇಟು ಅಲ್ಲೇ ಇದೆ! ನಾವು ಅದಕ್ಕೆ ಬೆನ್ನು ಕೊಟ್ಟು ಊಟ ಮಾಡಿದ್ದೆವು!

ಗೇಟಿನ ಹತ್ತಿರ ಮರದ ನೆರಳಿನ ಬೆಂಚಿನ ಮೇಲೆ ನಮ್ಮ ಅತ್ತೆ ಮಹಾರಾಣಿಯಂತೆ ಕುಳಿತಿದ್ದರು. ಕೈಯಲ್ಲಿ ಉಪ್ಪು ಖಾರ ಸವರಿದ ಸೌತೆಕಾಯಿ. ಪಕ್ಕದಲ್ಲಿ ಸುಮಲತಾ. ಎದುರಿಗೆ ತೆಳ್ಳಗಿನ ಒಬ್ಬ ಹುಡುಗ, ಅಮರೇಶ, ಕೆಂಪು ಪಟ್ಟಿಯ ಛತ್ರಿಯನ್ನು ಬಿಸಿಲಿಗೆ ಅಡ್ಡ ಹಿಡಿದು ನಿಂತಿದ್ದ. ನಮ್ಮನ್ನು ಕಂಡು ಹಿರೇಹಡಗಲಿಯವರ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟ. ನಾನು ಅವನ ಮುಂದೆ ಹೋಗಿ ಕೈ ಮುಗಿದೆ.

"ತಪ್ಪು ತಿಳೀಬ್ಯಾಡಪ್ಪ. ಏನೇನೋ ಅಂದೆ."

"ಅಯ್ಯೋ, ಪರವಾಗಿಲ್ಲ ಸಾರ್. ಅಜ್ಜಿ ಮೊದಲೇ ಹೇಳಿದ್ರು, ಹೀಗೇ ಬೈತಾರೆ ಅಂತ."

ಅತ್ತೆ ಅವನಿಂದ ಏನೇನು ನೋಡಿದ್ದರು ಕೇಳಿ! ಗಾಜಿನ ಮನೆಯ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕಣ್ತುಂಬ ಹೂವು ನೋಡಿದ್ದರು. ಬ್ಯಾಟರಿ ಗಾಡಿ ಹತ್ತಿ ತೋಟ ಸುತ್ತಿದ್ದರು. ಎಳನೀರು ಕುಡಿದಿದ್ದರು. ನನಗೋ ಹೊಟ್ಟೆಯುರಿ.

"ಅಲ್ಲ ಅತ್ತಿಯಾರ, ಅಷ್ಟೆತ್ತರ ಛತ್ರಿ ಹಿಡದಿದ್ದೆ. ಅದನ್ನ ಬಿಟ್ಟು ಇನ್ನೊಂದರ ಹಿಂದ ಹೆಂಗ ತಪ್ಪಿ ಹೋದ್ರಿ?"

ಸುಮಲತಾ ಅವ್ವನ ಮುಖ ನೋಡಿದಳು. ಅತ್ತೆ ಸೌತೆಕಾಯಿಯ ಕೊನೆಯ ಹೋಳು ನಿಧಾನಕ್ಕೆ ಅಗಿದು ನುಂಗಿದರು.

"ತಪ್ಪಿ ಹೋಗಲಿಲ್ಲ ಅಳಿಯಾರ. ನೋಡೇ ಹೋದ್ವಿ."

"ಅಂದ್ರ?"

"ಎರಡೂ ಛತ್ರಿ ಕಂಡುವು. ಒಂದು ಕೂಗಿಕೋತ ಮುಂದ ಮುಂದ ಓಡಾಕತ್ತಿತ್ತು. ಇನ್ನೊಂದು ನಿಂತು, 'ಅಜ್ಜಿ, ಕಾಲು ನೋಯ್ತಿದೆಯಾ?' ಅಂತು."

ಲಾಲ್‌ಬಾಗಿಗೆ ದಿನಕ್ಕೆ ಎಷ್ಟೋ ಸಾವಿರ ಜನ ಬರುತ್ತಾರಂತೆ. ನಿಜವಾಗಿ ಬಾಗಿದವನು ಅವತ್ತು ನಾನೊಬ್ಬನೇ ಇರಬೇಕು!

ಹಿರೇಹಡಗಲಿಯ ಬಸ್ಸು ಕೈ ಬೀಸುತ್ತ ಹೊರಟುಹೋಯಿತು. ಮೆಟ್ರೋ ಸ್ಟೇಷನ್ನಿಗೆ ತೋಟದೊಳಗಿಂದಲೇ ಮರಳಬೇಕಿತ್ತು. ದಾರಿಯನ್ನು ಸುಮಲತಾ ಕೇಳಿಕೊಂಡು ಬಂದಿದ್ದಳು. ನಾನು ಛತ್ರಿ ಮಡಚಿ ಕಂಕುಳಲ್ಲಿಟ್ಟೆ, ಅತ್ತೆಗೆ ಹೆಗಲು ಕೊಟ್ಟೆ. ಅವರ ಮೊಣಕಾಲಿನ ಲಯಕ್ಕೆ ಹೆಜ್ಜೆ ಹಾಕಿದೆ. ಅವರು ನಿಂತಲ್ಲಿ ನಿಂತೆ, ಕುಳಿತಲ್ಲಿ ಕುಳಿತೆ. ಅಷ್ಟು ನಿಧಾನ ನಡೆದಾಗಲೇ ಕಂಡದ್ದು: ಮರಗಳ ಬುಡಗಳು ನಮ್ಮ ಅಂಗಡಿಯಷ್ಟು ಅಗಲ ಇದ್ದವು. ಎಲೆಗಳ ಸಂದಿನಿಂದ ಸಂಜೆಯ ಬಿಸಿಲು ಚಿಲ್ಲರೆಯ ಹಾಗೆ ಉದುರುತ್ತಿತ್ತು. ಯಾವ ಮರಕ್ಕೆ ಯಾವ ಹೆಸರೋ, ಯಾರು ನೆಟ್ಟರೋ, ನನಗೆ ತಿಳಿಯದು. ತಿಳಿಯದಿದ್ದರೂ ಚೆನ್ನಾಗಿತ್ತು.

ಬಹಳ ದೂರ ಹೀಗೇ ನಡೆದ ಮೇಲೆ ಸುಮಲತಾಳಿಗೆ ಅನುಮಾನ ಬಂತು. ನನ್ನ ಹಣೆ ಮುಟ್ಟಿ ನೋಡಿದಳು.

"ರೀ, ಯಾಕ್ರೀ, ಮಾತೇ ಇಲ್ಲಲ್ಲ? ಮೈಯಾಗ ಆರಾಮ ಅದೀರಿಲ್ಲೋ?"

ನಾನು ಉತ್ತರಿಸುವ ಮೊದಲೇ ಅತ್ತೆ ಅವಳ ಕೈ ಹಿಡಿದು ಈಚೆಗೆ ಎಳೆದರು.

"ಸುಮ್ಮಕಿರವ್ವ! ಆ ಬಾಯಿ ಈಗರ ಮಲಗೈತಿ, ಎಬ್ಬಸಬ್ಯಾಡ!"